ಆರು ಗಂಡು, ಒಂದು ನೆಲ: ಸಾಬಿ ಸ್ಯಾಂಡ್‌ನ ಮಾಪೋಗೊ ಸಿಂಹಗಳ ಪ್ರಕರಣ

2006ರಲ್ಲಿ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ವನ್ಯಧಾಮದ ಪಶ್ಚಿಮ ಭಾಗವನ್ನು ಆರು ಗಂಡು ಸಿಂಹಗಳು ಒಟ್ಟಾಗಿ ಹಿಡಿದವು. 2012ರ ಮಾರ್ಚ್ ಹೊತ್ತಿಗೆ ಅವುಗಳಲ್ಲಿ ಎರಡು ಮಾತ್ರ ಉಳಿದಿದ್ದವು, ಅವೂ ನೆಲ ಬಿಟ್ಟು ಓಡುತ್ತಿದ್ದವು. ಈ ನಡುವಿನ ಕಥೆಯನ್ನು ಸಿಂಹಪ್ರಿಯರು ಬಹಳ ಸಲ ಹೇಳಿದ್ದಾರೆ, ಹೆಚ್ಚಾಗಿ ಕ್ರೌರ್ಯದ ಕಥೆಯಾಗಿ. ನನಗೆ ಅದು ಲೆಕ್ಕದ ಕಥೆಯಾಗಿ ಕಾಣುತ್ತದೆ. ಗಂಡು ಸಿಂಹಗಳ ಒಂದು ಕೂಟಕ್ಕೆ ಎಷ್ಟು ನೆಲ ದಕ್ಕುತ್ತದೆ ಎಂಬುದು ಕೂಟದಲ್ಲಿ ಒಟ್ಟು ಎಷ್ಟು ತಲೆಗಳಿವೆ ಎಂಬುದರ ಮೇಲೆ ನಿಂತಿಲ್ಲ. ಜಗಳ ಬಿದ್ದ ದಿನ ಎಷ್ಟು ತಲೆ ಒಂದೇ ಕಡೆ ಇದ್ದವು ಎಂಬುದರ ಮೇಲೆ ನಿಂತಿದೆ. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ನೆಲದ ಸ್ವರೂಪ

ಸಾಬಿ ಸ್ಯಾಂಡ್ ಸುಮಾರು 65,000 ಹೆಕ್ಟೇರ್‌ನ ಖಾಸಗಿ ವನ್ಯಧಾಮ. ಹಲವು ಭೂಮಾಲೀಕರು ತಮ್ಮ ಜಮೀನುಗಳನ್ನು ಒಂದುಗೂಡಿಸಿ ನಡೆಸುತ್ತಿರುವ ಕಾಡು ಇದು. ಮಾಲಾಮಾಲಾ, ಲೊಂಡೊಲೋಜಿ, ಸಿಂಗಿಟಾ ಮುಂತಾದ ಹೆಸರಾಂತ ಲಾಡ್ಜ್‌ಗಳು ಇರುವುದು ಈ ಭಾಗದಲ್ಲೇ. ನಡುವೆ ಸ್ಯಾಂಡ್ ನದಿ ಹರಿಯುತ್ತದೆ, ದಕ್ಷಿಣಕ್ಕೆ ಸಾಬಿ ನದಿ. ಪೂರ್ವಕ್ಕೆ ಸುಮಾರು 20,000 ಚದರ ಕಿಲೋಮೀಟರ್‌ನ ಕ್ರೂಗರ್ ರಾಷ್ಟ್ರೀಯ ಉದ್ಯಾನ. ಕ್ರೂಗರ್ ಮತ್ತು ಸಾಬಿ ಸ್ಯಾಂಡ್ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದರು. ಅಲ್ಲಿಂದೀಚೆಗೆ ಆನೆ, ಕಾಡೆಮ್ಮೆ, ಸಿಂಹ ಎಲ್ಲಕ್ಕೂ ಪೂರ್ವ ದಿಕ್ಕು ತೆರೆದ ಬಾಗಿಲು.

ಪಶ್ಚಿಮದ ಕಡೆ ಹಾಗಲ್ಲ. ಅಲ್ಲಿ ಬೇಲಿ ಇದೆ, ಬೇಲಿಯಾಚೆ ಜನ, ದನ, ಊರು. ಸಿಂಹಗಳ ಗಡಿ ಜಗಳ ಅರ್ಥವಾಗಬೇಕಾದರೆ ಈ ಬೇಲಿಯನ್ನು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕು. ಪೂರ್ವದಿಂದ ಹೊಸ ಗಂಡುಗಳು ಬರಬಹುದು. ಪಶ್ಚಿಮದ ನೆಲ ಹಿಡಿದ ಗಂಡುಗಳಿಗೆ ಹಿಂದೆ ಸರಿಯಲು ಜಾಗವಿಲ್ಲ. ಸೋತರೆ, ಗೆದ್ದವರ ನೆಲದ ಪಕ್ಕದಲ್ಲೇ ನುಸುಳಿಕೊಂಡು ಹೊರಬೀಳಬೇಕು.

ಹಿಂಬಾಲಿಸುವವರು ಏನು ನೋಡುತ್ತಾರೆ

ಕೊರಳಿಗೆ ರೇಡಿಯೋ ಕಾಲರ್ ಹಾಕದೆಯೂ ಇಲ್ಲಿನ ಸಿಂಹಗಳ ಬದುಕು ಇಷ್ಟು ವಿವರವಾಗಿ ದಾಖಲಾಗಿರುವುದಕ್ಕೆ ಕಾರಣ ಸರಳ. ಪ್ರತಿ ಲಾಡ್ಜ್‌ನಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆದ ಜೀಪುಗಳು ಹೊರಡುತ್ತವೆ, ವರ್ಷವಿಡೀ. ರೇಂಜರ್ ಗಾಡಿ ಓಡಿಸುತ್ತಾನೆ. ಟ್ರ್ಯಾಕರ್ ಬಾನೆಟ್‌ನ ಮುಂದಿನ ಮೂಲೆಗೆ ಜೋಡಿಸಿದ ಸಣ್ಣ ಸೀಟಿನಲ್ಲಿ ಕೂತು ನೆಲ ನೋಡುತ್ತಾನೆ. ಈ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವರು ಸುತ್ತಲಿನ ಊರುಗಳ ಶಾಂಗಾನ್ ಜನ. ಕಂಡದ್ದನ್ನೆಲ್ಲ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಗಾಡಿಗಳಿಗೆ ದಶಕಗಳಿಂದ ಒಗ್ಗಿರುವ ಸಿಂಹಗಳು ಪಕ್ಕದಲ್ಲಿ ನಿಂತರೂ ತಲೆ ಎತ್ತುವುದಿಲ್ಲ.

ಟ್ರ್ಯಾಕರ್‌ನ ಕಣ್ಣು ಕೆಲಸ ಮಾಡುವ ಬಗೆ ನೋಡಿ. ಮಣ್ಣಿನ ದಾರಿಯಲ್ಲಿ ಹೆಜ್ಜೆ ಗುರುತು ಕಂಡರೆ ಮೊದಲು ಅಗಲ ನೋಡುತ್ತಾನೆ. ಬೆಳೆದ ಗಂಡಿನ ಹೆಜ್ಜೆ ಹೆಣ್ಣಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಆಮೇಲೆ ಅಂಚು. ಅಂಚು ಚೂಪಾಗಿದ್ದರೆ ಹೊಸದು, ಉದುರಿದ್ದರೆ ಹಳೆಯದು. ಹೆಜ್ಜೆಯ ಮೇಲೆ ಇಬ್ಬನಿ ಬಿದ್ದು ಗುಳಿ ಮೂಡಿದ್ದರೆ ಸಿಂಹ ರಾತ್ರಿಯೇ ದಾಟಿಹೋಗಿದೆ. ಇಬ್ಬನಿಯ ಮೇಲೆಯೇ ಹೆಜ್ಜೆ ಬಿದ್ದಿದ್ದರೆ ಅದು ದೂರ ಹೋಗಿಲ್ಲ. ದಾರಿಯ ಪಕ್ಕದ ಪೊದೆಯ ಎಲೆಗಳಿಗೆ ಮೂತ್ರ ಸಿಂಪಡಿಸಿ, ಹಿಂಗಾಲಿನಿಂದ ನೆಲ ಕೆರೆದ ಗುರುತಿದ್ದರೆ ಅದು ಗಡಿ ಕಾಯುವ ಗಂಡು. ನೆಲವಿಲ್ಲದೆ ಅಲೆಯುವ ಗಂಡುಗಳು ಹೀಗೆ ಜಾಹೀರಾತು ಹಾಕುವುದು ಕಡಿಮೆ. ಅವು ಗರ್ಜಿಸುವುದೂ ಕಡಿಮೆ. ಹೀಗಾಗಿ ಮೌನವೂ ಇಲ್ಲಿ ಒಂದು ಸುಳಿವು.

ಗರ್ಜನೆ ಸುಮಾರು 8 ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ರಾತ್ರಿ ಯಾವ ದಿಕ್ಕಿನಿಂದ ಎಷ್ಟು ಗಂಟಲು ಕೇಳಿಸಿದವು ಎಂಬುದು ಬೆಳಗಿನ ಸುತ್ತಿಗೆ ಹೊರಡುವ ಮೊದಲೇ ಲಾಡ್ಜ್‌ನಲ್ಲಿ ಚರ್ಚೆಯಾಗಿರುತ್ತದೆ. ಸಿಂಹಗಳೂ ಇದೇ ಲೆಕ್ಕ ಹಾಕುತ್ತವೆ. ತಾಂಜಾನಿಯಾದ ಸೆರೆಂಗೆಟಿಯಲ್ಲಿ ಕರೆನ್ ಮೆಕೊಂಬ್, ಕ್ರೇಗ್ ಪ್ಯಾಕರ್, ಆನ್ ಪ್ಯೂಸಿ ಧ್ವನಿಮುದ್ರಿತ ಗರ್ಜನೆ ಕೇಳಿಸಿ ನಡೆಸಿದ ಪ್ರಯೋಗಗಳು 1994ರಲ್ಲಿ ಪ್ರಕಟವಾದವು. ಒಂದು ಗಂಟಲಿನ ಗರ್ಜನೆಗೂ ಮೂರರ ಗರ್ಜನೆಗೂ ಹೆಣ್ಣು ಸಿಂಹಗಳು ಬೇರೆಬೇರೆಯಾಗಿ ಪ್ರತಿಕ್ರಿಯಿಸಿದವು. ತಮ್ಮ ಬಲ ಹೆಚ್ಚಿದ್ದರೆ ಸದ್ದಿನ ಕಡೆ ನಡೆದವು, ಇಲ್ಲದಿದ್ದರೆ ತಡೆದುನಿಂತವು.

ಯಾವ ಸಿಂಹ ಯಾವುದು ಎಂದು ತಿಳಿಯಲು ಮೀಸೆಯ ಬುಡದ ಚುಕ್ಕೆಗಳು ಬಲು ನೆರವಿಗೆ ಬರುತ್ತವೆ. ಮೀಸೆಯ ಮೇಲಿನ ಸಾಲಿನಲ್ಲಿ ಚುಕ್ಕೆಗಳ ಜಾಗ ಪ್ರತಿ ಸಿಂಹಕ್ಕೂ ಬೇರೆ, ಜೀವಮಾನವಿಡೀ ಬದಲಾಗುವುದಿಲ್ಲ. 1970ರಲ್ಲಿ ಪೆನಿಕ್ವಿಕ್ ಮತ್ತು ರುಡ್ನಾಯ್ ಈ ವಿಧಾನವನ್ನು ವಿವರಿಸಿದರು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಪಟ್ಟೆಗಳನ್ನು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಓದಿ ಎಣಿಕೆ ಮಾಡಿದ್ದನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸದೆನಿಸಲಾರದು. ಇನ್ನು ವಯಸ್ಸಿಗೆ ಮೂಗು. ಮರಿಯ ಮೂಗು ಗುಲಾಬಿ ಬಣ್ಣದ್ದು, ವಯಸ್ಸಾದಂತೆ ಕಪ್ಪು ಚುಕ್ಕೆ ಮೂಡಿ ಹರಡುತ್ತದೆ. ಕಿವಿಯ ಕಚ್ಚು, ಮುಖದ ಗಾಯ, ಮುರಿದ ಕೋರೆಹಲ್ಲು ಇವೆಲ್ಲ ಜೊತೆಗೆ ಸೇರುತ್ತವೆ, ಆದರೆ ಗಾಯದ ಗುರುತು ಜಗಳದಿಂದ ಜಗಳಕ್ಕೆ ಬದಲಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಆರು ಗಂಡುಗಳು

ಮಾಪೋಗೊ ಎಂಬುದು ದಕ್ಷಿಣ ಆಫ್ರಿಕಾದ ಒಂದು ಖಾಸಗಿ ಭದ್ರತಾ ಸಂಸ್ಥೆಯಿಂದ ಬಂದ ಹೆಸರು. ಕಳ್ಳರನ್ನು ತಾವೇ ಹಿಡಿದು ತಾವೇ ದಂಡಿಸುವುದಕ್ಕೆ ಆ ಸಂಸ್ಥೆ ಕುಖ್ಯಾತವಾಗಿತ್ತು. ಆರರಲ್ಲಿ ಮಕುಲು ಹಿರಿಯ ಗಂಡು, ಉಳಿದ ಐದಕ್ಕಿಂತ ವಯಸ್ಸಿನಲ್ಲಿ ಸ್ಪಷ್ಟವಾಗಿ ದೊಡ್ಡದು. ಉಳಿದವು ರಾಸ್ತಾ, ಡ್ರೆಡ್‌ಲಾಕ್ಸ್, ಪ್ರೆಟಿ ಬಾಯ್, ಬಾಲದ ತುದಿ ಸೊಟ್ಟಗಿದ್ದ ಕಿಂಕಿ ಟೇಲ್ ಮತ್ತು ತಲೆಯ ನಡುವೆ ಮಾತ್ರ ಎದ್ದುನಿಂತ ಕೇಸರದ ಮಿಸ್ಟರ್ ಟಿ. ಈ ಕೊನೆಯದಕ್ಕೆ ಸೈತಾನ್ ಎಂಬ ಹೆಸರೂ ಇತ್ತು.

ಗಂಡು ಮರಿಗಳು ಎರಡು ಮೂರು ವರ್ಷಕ್ಕೆ ಹುಟ್ಟಿದ ಹಿಂಡು ಬಿಡುತ್ತವೆ, ಅಥವಾ ಹೊಸದಾಗಿ ಬಂದ ಗಂಡುಗಳು ಓಡಿಸುತ್ತವೆ. ಆಮೇಲಿನ ಒಂದೆರಡು ವರ್ಷ ಅಲೆಮಾರಿ ಬದುಕು. ಬೇಟೆಗೆ ಹೆಣ್ಣುಗಳಿಲ್ಲ, ಕಾಯಲು ನೆಲವಿಲ್ಲ. ಬಹಳಷ್ಟು ಗಂಡುಗಳು ಸಾಯುವುದು ಈ ಕಾಲದಲ್ಲೇ. ಆರೂ ಗಂಡುಗಳು ಈ ಗಂಡಾಂತರ ದಾಟಿ ಒಟ್ಟಿಗೆ ಉಳಿದದ್ದೇ ಅಪರೂಪ. ಒಟ್ಟಿಗೆ ಇದ್ದುದರಿಂದ ಅವು ದೊಡ್ಡ ಬೇಟೆ ಕಲಿತವು. ಕಾಡೆಮ್ಮೆ ಅವುಗಳ ನಿತ್ಯದ ಊಟವಾಯಿತು. ಜಿರಾಫೆಯನ್ನೂ ನೀರಾನೆಯನ್ನೂ ಕೆಡವಿದವು. ಗಂಡು ಸಿಂಹ ಹೆಣ್ಣು ತಂದದ್ದನ್ನು ತಿಂದು ಮಲಗುವ ಸೋಮಾರಿ ಎಂಬ ಹಳೆಯ ಮಾತನ್ನು ಈ ಆರನ್ನು ನೋಡಿದವರು ಮತ್ತೆ ಆಡಿರಲಾರರು.

ಸಿಂಹಗಳಲ್ಲಿ ಇಂಥ ದೊಡ್ಡ ಕೂಟಗಳು ಸಾಮಾನ್ಯವಾಗಿ ರಕ್ತಸಂಬಂಧಿಗಳವೇ. ಎರಡು ಮೂರು ಗಂಡುಗಳ ಕೂಟದಲ್ಲಿ ಹೊರಗಿನವು ಸೇರಿಕೊಳ್ಳುವುದುಂಟು, ನಾಲ್ಕು ದಾಟಿದರೆ ಬಹುತೇಕ ಅಣ್ಣತಮ್ಮ, ದಾಯಾದಿಗಳೇ. ಕಾರಣವನ್ನು 1991ರಲ್ಲಿ ಪ್ಯಾಕರ್ ಮತ್ತು ಸಂಗಡಿಗರ ಡಿಎನ್ಎ ಅಧ್ಯಯನ ತೋರಿಸಿತು: ದೊಡ್ಡ ಕೂಟದಲ್ಲಿ ಮರಿಗಳ ತಂದೆಯಾಗುವ ಭಾಗ್ಯ ಎಲ್ಲಕ್ಕೂ ಸಮನಾಗಿ ಸಿಗುವುದಿಲ್ಲ, ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಇಲ್ಲವೇ ಇಲ್ಲ. ಅಣ್ಣನ ಮರಿಯಾದರೆ ತಮ್ಮನ ರಕ್ತವೂ ಒಂದಿಷ್ಟು ಉಳಿಯಿತು. ಹೊರಗಿನ ಗಂಡಿಗೆ ಆ ಸಮಾಧಾನವಿಲ್ಲ. ಗಿರ್‌ನಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಗಂಡುಗಳ ಜೋಡಿಯಲ್ಲೂ ಬಲಿಷ್ಠ ಗಂಡಿಗೇ ಹೆಚ್ಚಿನ ಪಾಲು ಎಂದು ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ದೊಡ್ಡ ಕೂಟದ ಒಳಗೇ ಒಡಕಿನ ಬೀಜ ಇರುತ್ತದೆ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳೋಣ.

ಹಿಡಿದದ್ದು

ಪಶ್ಚಿಮ ಸಾಬಿ ಸ್ಯಾಂಡ್‌ನಲ್ಲಿ ಆಗ ಇದ್ದ ಗಂಡುಗಳಿಗೆ ಆರರ ಎದುರು ನಿಲ್ಲುವ ಬಲವಿರಲಿಲ್ಲ. ಮಾಪೋಗೊಗಳು ಒಂದೊಂದೇ ಹಿಂಡನ್ನು ವಶಪಡಿಸಿಕೊಂಡವು. ಗಂಡುಗಳನ್ನು ಕೊಂದವು ಅಥವಾ ಓಡಿಸಿದವು, ಮರಿಗಳನ್ನು ಕೊಂದವು, ಅಡ್ಡಬಂದ ಹೆಣ್ಣುಗಳನ್ನೂ ಬಿಡಲಿಲ್ಲ. ಕೊಂದ ಸಿಂಹವನ್ನು ತಿಂದದ್ದನ್ನೂ ರೇಂಜರ್‌ಗಳು ಕಂಡರು. ಒಂದು ವರ್ಷದ ಆಸುಪಾಸಿನಲ್ಲಿ 40ಕ್ಕೂ ಹೆಚ್ಚು ಸಿಂಹಗಳನ್ನು, ಮರಿಗಳೂ ಸೇರಿ, ಕೊಂದವು ಎಂಬ ಅಂದಾಜು ಎಲ್ಲೆಡೆ ಓಡಾಡುತ್ತಿದೆ. ಕಣ್ಣಿಗೆ ಬಿದ್ದ ಹೆಣಗಳ ಜೊತೆಗೆ, ನಿನ್ನೆ ಇದ್ದು ಇಂದು ಕಾಣದ ಮರಿಗಳನ್ನೂ ಕೂಡಿಸಿದರೆ ಮಾತ್ರ ಇಂಥ ಅಂದಾಜು ಬರುತ್ತದೆ. ಹಾಗಾಗಿ ಅದನ್ನು ಅಂದಾಜಾಗಿಯೇ ಓದಬೇಕು.

ಇವು ಆಳಿದ ನೆಲ ಸುಮಾರು 70,000 ಹೆಕ್ಟೇರ್ ಎಂಬ ಮಾತೂ ಹಾಗೆಯೇ. ಇಡೀ ಸಾಬಿ ಸ್ಯಾಂಡ್ ಅದಕ್ಕಿಂತ ತುಸು ಕಡಿಮೆ. ಆರೂ ಗಂಡುಗಳು ಬೇರೆಬೇರೆ ಕಾಲದಲ್ಲಿ ಓಡಾಡಿದ ಜಾಗಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಬಳಿದರೆ ಆ ಸಂಖ್ಯೆ ಬರಬಹುದು. ಒಂದೇ ತಿಂಗಳಲ್ಲಿ ಮೂಲೆಯಿಂದ ಮೂಲೆಗೆ ಮೂತ್ರ ಸಿಂಪಡಿಸಿ, ಗರ್ಜಿಸಿ, ಕಾಯ್ದ ನೆಲ ಎಂದು ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಸಿಂಹದ ಗಡಿ ಎಂದರೆ ಸರ್ವೆ ಕಲ್ಲು ನೆಟ್ಟ ಗಡಿಯಲ್ಲ. ಈ ವಾರ ಅಲ್ಲಿ ನಡೆದು, ಗರ್ಜಿಸಿ, ವಾಸನೆ ಬಿಟ್ಟುಬಂದಿದ್ದರೆ ಅದು ಗಡಿ. ಬಹಳ ದಿನ ಹೋಗದಿದ್ದರೆ ಆ ಜಾಗ ಖಾಲಿ ಎಂದೇ ಅಲೆಮಾರಿಗಳು ಓದಿಕೊಳ್ಳುತ್ತವೆ.

ಮರಿಗಳನ್ನು ಕೊಲ್ಲುವುದಕ್ಕೆ ಹಿಂದಿರುವ ಕಾಲದ ಒತ್ತಡವನ್ನೂ ಇಲ್ಲಿ ಹೇಳಬೇಕು. ಮರಿ ಕಳೆದುಕೊಂಡ ಹೆಣ್ಣು ಬೇಗನೆ ಬೆದೆಗೆ ಬರುತ್ತದೆ, ಆದರೆ ಹೊಸ ಗಂಡುಗಳು ಬಂದ ಮೇಲೆ ಕೆಲವು ತಿಂಗಳು ಗರ್ಭ ಕಟ್ಟುವುದಿಲ್ಲ ಎಂದು ಪ್ಯಾಕರ್ ಮತ್ತು ಪ್ಯೂಸಿ 1983ರಲ್ಲೇ ತೋರಿಸಿದ್ದರು. ಗರ್ಭದ ಅವಧಿ ಸುಮಾರು 110 ದಿನ. ಹುಟ್ಟಿದ ಮರಿ ತನ್ನ ಕಾಲ ಮೇಲೆ ನಿಲ್ಲಲು ಎರಡು ವರ್ಷ. ಎಲ್ಲ ಕೂಡಿದರೆ, ಎರಡೂವರೆ ವರ್ಷ ನೆಲ ಉಳಿಸಿಕೊಂಡರೆ ಮಾತ್ರ ಗಂಡಿನ ಮೊದಲ ಮರಿಗಳು ಬದುಕುತ್ತವೆ. ಸಾಮಾನ್ಯ ಕೂಟವೊಂದು ಒಂದು ಹಿಂಡಿನ ಜೊತೆ ಉಳಿಯುವುದೂ ಎರಡು ಮೂರು ವರ್ಷವೇ. ಬೇರೆ ಗಂಡುಗಳ ಮರಿ ದೊಡ್ಡದಾಗಲೆಂದು ಕಾದು ಕೂರಲು ಅವಕಾಶವೇ ಇಲ್ಲ. ಇದನ್ನು ನೋಡುವುದು ಕಷ್ಟ. ಮರಿಗಳನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದ ರೇಂಜರ್‌ಗೆ ಇನ್ನೂ ಕಷ್ಟ. ಆದರೂ ಯಾರೂ ಕೈ ಹಾಕುವುದಿಲ್ಲ, ಹಾಕಬಾರದು ಎಂದೇ ನನ್ನ ನಿಲುವು. ಒಂದು ಕೂಟವನ್ನು ತಡೆದರೆ ಮುಂದಿನ ಹತ್ತು ವರ್ಷದ ಲೆಕ್ಕವೇ ಮನುಷ್ಯನ ಲೆಕ್ಕವಾಗಿಬಿಡುತ್ತದೆ.

ಒಡೆದದ್ದು

ನೆಲ ಹಿಗ್ಗಿದಂತೆ ಆರೂ ಗಂಡುಗಳು ಒಂದೇ ಕಡೆ ಕಾಣುವುದು ಕಡಿಮೆಯಾಯಿತು. ಹಿಂಡುಗಳು ಹಲವು, ಬೆದೆಗೆ ಬಂದ ಹೆಣ್ಣಿನ ಪಕ್ಕ ಒಂದು ಗಂಡಿಗೆ ಮಾತ್ರ ಜಾಗ. ಮಿಸ್ಟರ್ ಟಿ ಮತ್ತು ಕಿಂಕಿ ಟೇಲ್ ಪೂರ್ವದ ಕಡೆ ಸರಿದು ಅಲ್ಲಿನ ಹೆಣ್ಣುಗಳ ಜೊತೆ ನೆಲೆಸಿದವು. ಉಳಿದ ನಾಲ್ಕು ಪಶ್ಚಿಮದಲ್ಲಿ ಉಳಿದವು. ನಕ್ಷೆಯ ಮೇಲೆ ಮಾಪೋಗೊ ನೆಲ ಆಗಲೇ ಅತಿ ದೊಡ್ಡದಾಗಿತ್ತು. ನನ್ನ ಲೆಕ್ಕದಲ್ಲಿ ಅವುಗಳ ಇಳಿಗಾಲ ಶುರುವಾದದ್ದೂ ಅಲ್ಲಿಂದಲೇ. ತೆರೆದ ಬಾಗಿಲಿನ ಕಡೆ, ಹೊಸ ಗಂಡುಗಳು ಬರುವ ದಿಕ್ಕಿನಲ್ಲಿ, ಎರಡೇ ಗಂಡು ಕಾವಲಿದ್ದವು.

2010ರ ಜೂನ್‌ನಲ್ಲಿ ಹೊರಗಿನಿಂದ ಐದು ಎಳೆ ಗಂಡುಗಳು ಬಂದವು. ಮುಂದೆ ಮಜಿಂಗಿಲಾನೆ ಎಂದು ಹೆಸರಾದ ಕೂಟ. ಜೂನ್ 8ರ ಜಗಳದ ಮೊದಲ ಸುತ್ತು ಮಾಪೋಗೊಗಳದ್ದೇ. ಐದರಲ್ಲಿ ಒಂದು ಗಂಡು ಒಂಟಿಯಾಗಿ ಸಿಕ್ಕಿತು, ಕಿಂಕಿ ಟೇಲ್ ಮತ್ತು ಮಿಸ್ಟರ್ ಟಿ ಸೇರಿ ಅದನ್ನು ಬದುಕಿ ಉಳಿಯದಷ್ಟು ಗಾಯಗೊಳಿಸಿದವು. ಎರಡು ಒಂದರ ಮೇಲೆ ಬಿದ್ದರೆ ಆಗುವುದು ಅದೇ. ಆಮೇಲೆ ಉಳಿದ ನಾಲ್ಕು ಎದುರಾದವು. ಎರಡರ ಎದುರು ನಾಲ್ಕು. ಕಿಂಕಿ ಟೇಲ್ ನಾಲ್ಕರ ನಡುವೆ ಸಿಕ್ಕಿಬಿತ್ತು.

ಸಿಂಹಗಳ ಜಗಳದಲ್ಲಿ ಮುಖಾಮುಖಿ ಇರುವಷ್ಟು ಹೊತ್ತು ಕೇಸರ, ಪಂಜ, ಹಲ್ಲು ಎಲ್ಲ ರಕ್ಷಣೆಗೆ ಒದಗುತ್ತವೆ. ಒಂದು ಮುಂದಿನಿಂದ ಹಿಡಿದಾಗ ಇನ್ನೊಂದು ಹಿಂದಿನಿಂದ ಬೆನ್ನುಮೂಳೆಗೂ ತೊಡೆಗೂ ಬಾಯಿ ಹಾಕಿತೆಂದರೆ ಎಷ್ಟು ಬಲಿಷ್ಠ ಗಂಡಾದರೂ ಮುಗಿಯಿತು, ಹಿಂಗಾಲು ಏಳುವುದಿಲ್ಲ. ಕಿಂಕಿ ಟೇಲ್‌ಗೆ ಆದದ್ದು ಇದೇ. ಮಿಸ್ಟರ್ ಟಿ ಮತ್ತೆ ಮತ್ತೆ ಹತ್ತಿರ ಬಂದು ನುಗ್ಗಲು ನೋಡಿ, ಕೊನೆಗೆ ಹಿಂದೆ ಸರಿಯಿತು. ಗೆದ್ದ ನಾಲ್ಕು ಕಿಂಕಿ ಟೇಲನ್ನು ತಿಂದವು. ಮಾಪೋಗೊಗಳು ನಾಲ್ಕು ವರ್ಷ ಹಿಂದೆ ಈ ನೆಲದ ಗಂಡುಗಳಿಗೆ ಮಾಡಿದ್ದನ್ನೇ ಈಗ ಬೇರೆ ಗಂಡುಗಳು ಮಾಡಿದವು.

ಎರಡೇ ಇದ್ದರೂ ಅವು ಏಕೆ ಎದುರು ನಿಂತವು? ಇದಕ್ಕೆ ಗ್ರಿನೆಲ್, ಪ್ಯಾಕರ್ ಮತ್ತು ಪ್ಯೂಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗ ಸ್ವಲ್ಪ ಬೆಳಕು ಚೆಲ್ಲುತ್ತದೆ. ನೆಲದೊಡೆಯ ಗಂಡುಗಳಿಗೆ ಅಪರಿಚಿತ ಗಂಡುಗಳ ಗರ್ಜನೆ ಕೇಳಿಸಿದಾಗ ಅವು ಸದ್ದಿನತ್ತ ನಡೆದವು. ಜೊತೆಗಾರ ಅಣ್ಣತಮ್ಮನೋ ಹೊರಗಿನವನೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ; ಸಂಖ್ಯೆ ಕಡಿಮೆಯಿದ್ದಾಗಲೂ ಮುಂದೆ ಹೋದ ಗಂಡುಗಳಿದ್ದವು. ಹೆಣ್ಣು ಸಿಂಹಗಳಂತೆ ಎಣಿಸಿ ತಡೆದುನಿಲ್ಲುವುದು ಗಂಡಿಗೆ ದುಬಾರಿ. ನೆಲ ಬಿಟ್ಟರೆ ಮರಿಗಳು ಹೋದವು, ಮತ್ತೊಂದು ನೆಲ ಹಿಡಿಯುವ ವಯಸ್ಸು ಮುಗಿದಿರುತ್ತದೆ. ಪಶ್ಚಿಮದ ನಾಲ್ಕು ಅಂದು ಅಲ್ಲಿ ಇದ್ದಿದ್ದರೆ ಲೆಕ್ಕ ಆರಕ್ಕೆ ಐದು ಆಗುತ್ತಿತ್ತು.

ಉಳಿದ ಎರಡು ವರ್ಷ

ಮಿಸ್ಟರ್ ಟಿ ಪಶ್ಚಿಮಕ್ಕೆ, ಬಿಟ್ಟುಬಂದ ಕೂಟಕ್ಕೇ ಮರಳಿತು. ಅಲ್ಲಿ ಸೋದರರ ಮರಿಗಳನ್ನು ಕೊಂದಿತು ಎಂದು ಆ ಕಾಲದ ವರದಿಗಳು ಹೇಳುತ್ತವೆ. ಒಂದೇ ಕೂಟದ ಗಂಡು ಕೂಟದ ಮರಿಗಳನ್ನು ಕೊಲ್ಲುವುದು ಅಪರೂಪ. ಬಹಳ ಕಾಲ ದೂರವಿದ್ದು ಬಂದ ಗಂಡಿಗೆ ಆ ಹೆಣ್ಣುಗಳ ಜೊತೆ ಕೂಡಿದ ನೆನಪಿಲ್ಲದಿದ್ದರೆ, ಆ ಮರಿಗಳು ಅದರ ಪಾಲಿಗೆ ಅಪರಿಚಿತ ಮರಿಗಳೇ. ಒಡೆದ ಕೂಟ ಮತ್ತೆ ಸೇರಿದರೂ ಹಳೆಯ ಕೂಟವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ಬೇಕಿಲ್ಲ.

ಈ ನಡುವೆ ರಾಸ್ತಾ ಮತ್ತು ಡ್ರೆಡ್‌ಲಾಕ್ಸ್ ಕಾಣೆಯಾದವು. ಉಳಿದದ್ದು ಮಕುಲು, ಪ್ರೆಟಿ ಬಾಯ್, ಮಿಸ್ಟರ್ ಟಿ. ಮೂರೂ ವಯಸ್ಸಾದವು, ಬೆನ್ನ ಹಿಂದೆ ಬೇಲಿ. ಒಂದು ಕಡೆ ಮಜಿಂಗಿಲಾನೆಗಳು ನೆಲೆಯೂರಿದ್ದವು. ಇನ್ನೊಂದು ಕಡೆಯಿಂದ ಸೆಲಾಟಿ ಎಂದು ಕರೆಯುವ ನಾಲ್ಕು ಗಂಡುಗಳು ಒತ್ತಿ ಬಂದವು. 2012ರ ಮಾರ್ಚ್ 16ರಂದು ಈ ನಾಲ್ಕು ಮಿಸ್ಟರ್ ಟಿಯನ್ನು ಕೊಂದವು. ಮಕುಲು ಮತ್ತು ಪ್ರೆಟಿ ಬಾಯ್ ತಪ್ಪಿಸಿಕೊಂಡು ಕ್ರೂಗರ್ ಕಡೆ ಸೇರಿದವು. ಅಲ್ಲಿ ಸಾಬಿ ಸ್ಯಾಂಡ್‌ನಂತೆ ಹೊತ್ತುಹೊತ್ತಿಗೆ ದಾರಿ ಬಿಟ್ಟು ಒಳನುಗ್ಗಿ ಹುಡುಕುವ ಜೀಪುಗಳಿಲ್ಲ. ಪ್ರವಾಸಿಗರ ಕಣ್ಣಿಗೆ ಆಗೊಮ್ಮೆ ಈಗೊಮ್ಮೆ ಬಿದ್ದದ್ದಷ್ಟೇ. ಹತ್ತು ವರ್ಷ ದಾಟಿದ ಕಾಡಿನ ಗಂಡು ಸಿಂಹವೇ ವಿರಳ, ಮಕುಲು ಅದನ್ನೂ ಬಹಳ ದಾಟಿ ಬದುಕಿತ್ತು.

ಮಜಿಂಗಿಲಾನೆಗಳ ಕಡೆ ನೋಡಿದರೆ ಅದೇ ನೆಲದಲ್ಲಿ ನಾಲ್ಕು ಗಂಡುಗಳು ಐದು ವರ್ಷಕ್ಕೂ ಮಿಕ್ಕಿ ಉಳಿದವು. ಆರಕ್ಕಿಂತ ಕಡಿಮೆ ಬಲ, ಆದರೂ ದೀರ್ಘ ಕಾಲ. ಮಾಪೋಗೊಗಳ ಅಭಿಮಾನಿಗಳು ಯಾರು ದೊಡ್ಡ ದೊರೆ ಎಂದು ಇಂದಿಗೂ ವಾದಿಸುತ್ತಾರೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಒಂದು ಗಂಡು ಕಂಡ ಜಾಗ, ದಿನ ಬರೆಯುವಾಗ ಅದರ ಜೊತೆ ಯಾವುದಿತ್ತು, ಉಳಿದವು ಎಷ್ಟು ದೂರದಲ್ಲಿದ್ದವು ಎಂಬುದನ್ನೂ ಬರೆದಿಟ್ಟರೆ ಮುಂದಿನ ಕೂಟ ಬೀಳುವ ಮುನ್ಸೂಚನೆ ಅದರಲ್ಲೇ ಇರುತ್ತದೆ. ಬರೀ ಹೆಸರು ಮತ್ತು ನಕ್ಷೆಯಿಂದ ಅದು ಸಿಗುವುದಿಲ್ಲ.

ಇನ್ನು ಮಾಪೋಗೊಗಳಿಂದ ಉಳಿದದ್ದೇನು ಎಂಬ ಪ್ರಶ್ನೆ. ಗಂಡು ಮಕ್ಕಳು ಹುಟ್ಟಿದ ನೆಲ ಬಿಟ್ಟು ಹೋಗುವುದರಿಂದ ಅವುಗಳ ಜಾಡು ಬೇಗ ತಪ್ಪುತ್ತದೆ. ಹೆಣ್ಣು ಮಕ್ಕಳು ಸಾಮಾನ್ಯವಾಗಿ ತಾಯಿಯ ಹಿಂಡಿನಲ್ಲೇ ಉಳಿಯುತ್ತವೆ. ಮೇಲೆ ಹೇಳಿದ ಎರಡೂವರೆ ವರ್ಷದ ಲೆಕ್ಕ ಹಾಕಿದರೆ, 2006–07ರಲ್ಲಿ ಗರ್ಭ ನಿಂತ ಮರಿಗಳಿಗೆ 2010ರ ಜೂನ್‌ಗೆ ಮೊದಲೇ ಎರಡು ವರ್ಷ ತುಂಬಿರುತ್ತದೆ. ಆರೂ ಗಂಡುಗಳು ಒಟ್ಟಿಗೆ ನೆಲ ಕಾಯುತ್ತಿದ್ದ ವರ್ಷಗಳವು. ಹಾಗೆ ಉಳಿದ ಹೆಣ್ಣುಗಳೇ ಮುಂದೆ ಬಂದ ಗಂಡುಗಳಿಗೆ ಮರಿ ಹಾಕುತ್ತವೆ. ಹಾಗಾಗಿ ಮಾಪೋಗೊ ವಂಶ ಹುಡುಕುವವರು ಗಂಡುಗಳ ಬದಲು ಪಶ್ಚಿಮದ ಹಿಂಡುಗಳ ಹಿರಿಯ ಹೆಣ್ಣುಗಳ ಮೀಸೆಯ ಚುಕ್ಕೆಗಳನ್ನು ಹಳೆಯ ಚಿತ್ರಗಳೊಂದಿಗೆ ಹೋಲಿಸುತ್ತ ಹಿಂದಕ್ಕೆ ಹೋಗಬೇಕು.